ಸೂತ್ರಕ್ಕೊಂದು ವೃತ್ತಿ

ವ್ಯಾಕರಣದ ಪಾಠವೆಂದರೆ ನಮ್ಮ ಹುಡುಗರು ಆಕಳಿಸುವುದು ಹೊಸದೇನಲ್ಲ. ಆದರೂ ಕೇಶಿರಾಜನೆಂದರೆ ನನಗೆ ಎಂದಿಗೂ ಗೌರವವೇ. 13ನೆಯ ಶತಮಾನದ ಈ ವೈಯಾಕರಣ ‘ಶಬ್ದಮಣಿದರ್ಪಣ’ದಲ್ಲಿ ಕಂದಪದ್ಯಗಳಲ್ಲಿ ಸೂತ್ರ ಹೇಳಿ ಕೈತೊಳೆದುಕೊಳ್ಳಲಿಲ್ಲ, ತಾನೇ ವೃತ್ತಿಯನ್ನು ಬರೆದು ಅರ್ಥ ಬಿಡಿಸಿದ, ಹಿಂದಿನ ಕವಿಗಳಿಂದ ಪ್ರಯೋಗಗಳನ್ನು ಆಯ್ದು ಕೊಟ್ಟ. ಕಲಿಯುವವನ ಮೇಲೆ ಅಷ್ಟು ಕರುಣೆ!

ಈ ಕರುಣೆ ಕಂಪ್ಯೂಟರಿನವರಿಗೂ ಬೇಕೆಂದು ಈಚೆಗೆ ತಿಳಿಯಿತು. ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಸರ್ವರುಗಳ ಯೋಗಕ್ಷೇಮ ನೋಡಿಕೊಳ್ಳುತ್ತಾನೆ. ನೂರಾರು ಸರ್ವರುಗಳನ್ನು ಒಂದೊಂದಾಗಿ ಕಣ್ಣಿಟ್ಟು ಪರೀಕ್ಷಿಸುವುದು ಆಗದ ಮಾತು. ಅದಕ್ಕೆಂದೇ ‘ಇನ್‌ಸ್ಪೆಕ್’ ಎಂಬ ಉಪಕರಣವಿದೆ. ರೂಬಿ ಭಾಷೆಯಲ್ಲಿ ರಚಿತವಾದ ಇದರ ಮೂಲವನ್ನು ಯಾರು ಬೇಕಾದರೂ ಓದಬಹುದು, ತಿದ್ದುಪಡಿ ಕಳುಹಿಸಬಹುದು. ಕಡತ, ಪೋರ್ಟು, ಪ್ಯಾಕೇಜು, ಸೇವೆ—ಹೀಗೆ ಪರೀಕ್ಷಿಸಬೇಕಾದ ವಸ್ತುವಿಗೊಂದೊಂದು ‘ರಿಸೋರ್ಸ್’. ‘ಈ ಕಡತ ಇರತಕ್ಕದ್ದು’, ‘22ನೆಯ ಪೋರ್ಟು ಕಿವಿಗೊಟ್ಟಿರತಕ್ಕದ್ದು’ ಎಂದು ಬರೆದರಾಯಿತು. ಎಲ್ಲವೂ ಅಚ್ಚ ವಿಧ್ಯರ್ಥ! ಉಪಕರಣ ಹೋಗಿ ನೋಡಿಬಂದು ಸರಿಯೋ ತಪ್ಪೋ ವರದಿ ಒಪ್ಪಿಸುತ್ತದೆ.

ಹುಡುಗ ಇದರ ವಿವರಣೆಯ ಪುಟಗಳನ್ನು ತಿದ್ದಲು ಹೊರಟಿದ್ದ. “ಮಾಮ, ಓದಿ ಅರ್ಥವಾಗುತ್ತದೆಯೇ ಹೇಳಿ” ಎಂದು ಮುಂದಿಟ್ಟ. ಸೇವೆಯನ್ನು ಕುರಿತು ಮೂರು ಪದಗಳಿದ್ದುವು: ಇನ್‌ಸ್ಟಾಲ್ಡ್, ಎನೇಬಲ್ಡ್, ರನ್ನಿಂಗ್.

“ಇವಕ್ಕೆ ಭೇದವೇನಯ್ಯ?” ಎಂದೆ.

“ಮೊದಲನೆಯದು, ಯಂತ್ರದಲ್ಲಿ ಉಂಟು ಎಂದು. ಎರಡನೆಯದು, ಯಂತ್ರ ಚಾಲೂ ಆದಾಗಲೆಲ್ಲ ತಾನಾಗಿ ಏಳುತ್ತದೆ ಎಂದು. ಮೂರನೆಯದು, ಈ ಗಳಿಗೆಯಲ್ಲಿ ನಡೆಯುತ್ತಿದೆ ಎಂದು.”

ಮೂರನೆಯದನ್ನಷ್ಟೆ ಪರೀಕ್ಷಿಸಿ ನಿಶ್ಚಿಂತೆಯಿಂದ ಮಲಗಿದವನ ಗತಿ ಏನು? ಯಂತ್ರ ಒಮ್ಮೆ ನಿಂತು ಮತ್ತೆ ಎದ್ದಾಗ ಸೇವೆ ಮಾತ್ರ ಏಳದೆ ಹೋಗಬಹುದು. ಅದು ಆಸ್ಪತ್ರೆಯ ಕೆಲಸ ನಡೆಸುವ ಸೇವೆಯಾಗಿದ್ದರೆ? ಒಂದು ಪದದ ಅರ್ಥಕ್ಕೆ ಎಷ್ಟು ಬೆಲೆ!

ಇನ್ನೊಂದು ಸಂಗತಿ ಕೇಳಿ. ದೂರದಿಂದ ಯಂತ್ರವನ್ನು ಪ್ರವೇಶಿಸುವ ಬಾಗಿಲಿನ ಕಟ್ಟಳೆಗಳೆಲ್ಲ ಒಂದು ಕಡತದಲ್ಲಿರುತ್ತವೆ. ‘ಎಸ್‌ಎಸ್‌ಎಚ್‌ಡಿ ಕಾನ್ಫಿಗ್’ ಎಂಬ ರಿಸೋರ್ಸ್ ಓದುವುದು ಆ ಕಡತವನ್ನು. ಕಡತವನ್ನು ತಿದ್ದಿ, ಸೇವೆಗೆ ಅದನ್ನು ಮತ್ತೆ ಓದಿಸದೆ ಬಿಟ್ಟರೆ ಬಾಗಿಲು ಹಳೆಯ ಕಟ್ಟಳೆಯಂತೆಯೇ ತೆರೆದಿರಬಹುದು. ಪರೀಕ್ಷೆ ಮಾತ್ರ ‘ಸರಿ’ ಎನ್ನುತ್ತದೆ. ಗೋಡೆಗೆ ನಿಯಮಾವಳಿ ಅಂಟಿಸಿ, ಹುಡುಗರೆಲ್ಲ ಹತ್ತು ಗಂಟೆಗೇ ದೀಪ ಆರಿಸಿದರೆಂದು ನಂಬುವ ಹಾಸ್ಟೆಲ್ ವಾರ್ಡನ್ನನ ಹಾಗೆ!

ಆದ್ದರಿಂದ ಹುಡುಗನಿಗೆ ಹೇಳಿದೆ: ಪ್ರತಿ ರಿಸೋರ್ಸಿಗೂ ಅರ್ಥ ಬರೆ, ಓಡುವ ಉದಾಹರಣೆ ಕೊಡು, ಜೊತೆಗೆ ಅದು ಏನನ್ನು ನೋಡುವುದಿಲ್ಲ ಎಂಬುದನ್ನೂ ತಪ್ಪದೆ ಬರೆ.

ಹೊಸ ರಿಸೋರ್ಸ್ ಕಟ್ಟಿದವನಿಗೆ ಹೆಸರುಂಟು. ಇದ್ದುದಕ್ಕೆ ಎರಡು ಸಾಲು ವಿವರಣೆ ಸೇರಿಸಿದವನನ್ನು ಯಾರೂ ಕೇಳರು. ಆದರೆ ಸರಿರಾತ್ರಿಯಲ್ಲಿ ಕೆಟ್ಟ ಯಂತ್ರದ ಮುಂದೆ ಕುಳಿತ ಯಾವನೋ ಅಪರಿಚಿತ ಹುಡುಗನಿಗೆ ಕೈಹಿಡಿಯುವುದು ಆ ಎರಡು ಸಾಲೇ.