ಕೂಪರ್ಸ್‌ಟೌನಿನ ಕಂಚಿನ ವೀರರು

ಆಲ್ಬನಿಯಲ್ಲಿರುವ ನನ್ನ ಅಕ್ಕನ ಮನೆಗೆ ಹೋಗಿ ಮೂರು ದಿನವೂ ಆಗಿರಲಿಲ್ಲ. ಅಷ್ಟರಲ್ಲೇ ನಾನೊಂದು ಪರೀಕ್ಷೆಗೆ ಕೂರಬೇಕಾಯಿತು. ಪರೀಕ್ಷಕ ಅಕ್ಕನ ಮಗ, ಹನ್ನೆರಡು ವರ್ಷದ ಹುಡುಗ. "ಮಾವ, ಬೇಬ್ ರೂತ್ ಒಟ್ಟು ಎಷ್ಟು ಹೋಮ್ ರನ್ ಹೊಡೆದ, ಹೇಳಿ ನೋಡೋಣ" ಎಂದ. ಕಾಲೇಜಿನಲ್ಲಿ ಪಂಪ ರನ್ನರ ಪಾಠ ಹೇಳುತ್ತ, ಪ್ರಶ್ನೆ ಕೇಳುವುದನ್ನೇ ವೃತ್ತಿಯಾಗಿ ಮಾಡಿಕೊಂಡಿರುವ ನಾನು ತಬ್ಬಿಬ್ಬಾದೆ. "714" ಎಂದು ಉತ್ತರವನ್ನೂ ಅವನೇ ಹೇಳಿ, 'ಈ ಮಾವನಿಗೆ ವಿದ್ಯೆ ಸಾಲದು' ಎಂಬಂತೆ ತಾಯಿಯ ಮುಖ ನೋಡಿದ.

ಬೇಬ್ ರೂತ್ ತೀರಿಕೊಂಡದ್ದು 1948ರಲ್ಲಿ. ಆಗ ಈ ಹುಡುಗನ ತಾತ ಕೂಡ ಹುಟ್ಟಿರಲಿಲ್ಲ. ಆದರೂ ಅವನ ಕೋಣೆಯ ಗೋಡೆಯ ಮೇಲೆ ರೂತನ ಚಿತ್ರವಿದೆ. ಮೇಜಿನ ಮೇಲೆ, ಹಳೆಯ ಆಟಗಾರರ ಚಿತ್ರಗಳುಳ್ಳ ಚೀಟಿಗಳ ಕಟ್ಟೇ ಇದೆ. ಕಣ್ಣಿನಿಂದ ಕಾಣದವರ ಮೇಲೆ ಇಂಥ ಪ್ರೀತಿ ಹುಟ್ಟುವುದು ಹೇಗೆ? ನನ್ನ ಸಂದೇಹವನ್ನು ಭಾವನವರ ಮುಂದಿಟ್ಟೆ. ಅವರು ನಕ್ಕು, "ಅದಕ್ಕೆ ಉತ್ತರ ಬೇಕಾದರೆ ಕೂಪರ್ಸ್‌ಟೌನಿಗೆ ಹೋಗಬೇಕು. ಶನಿವಾರ ಹೊರಡೋಣ" ಎಂದರು.

ಆಲ್ಬನಿಯಿಂದ ಪಶ್ಚಿಮಕ್ಕೆ ಸುಮಾರು 70 ಮೈಲಿ. ದಾರಿಯುದ್ದಕ್ಕೂ ಹಸುರು ದಿಣ್ಣೆಗಳು, ಮುಸುಕಿನ ಜೋಳದ ಹೊಲಗಳು, ಅಲ್ಲಲ್ಲಿ ಮೇಯುತ್ತಿರುವ ಹಸುಗಳು. ಕೂಪರ್ಸ್‌ಟೌನ್ ಎರಡು ಸಾವಿರ ಜನವೂ ಇಲ್ಲದ ಪುಟ್ಟ ಊರು. ಒಟ್ಸೆಗೊ ಎಂಬ ನೀಳವಾದ ಸರೋವರದ ದಕ್ಷಿಣದ ತುದಿಯಲ್ಲಿ ಅದು ಕುಳಿತಿದೆ. ಸಸ್ಕ್ವೆಹಾನ ಎಂಬ ದೊಡ್ಡ ನದಿಯ ಜನನ ಇಲ್ಲಿಯೇ. ಮುಂದೆ ನೂರಾರು ಮೈಲಿ ಹರಿದು ಸಮುದ್ರದ ಕೊಲ್ಲಿಯನ್ನು ಸೇರುವ ಆ ನದಿ, ಇಲ್ಲಿ ನಮ್ಮ ತೋಟದ ಕಾಲುವೆಯಷ್ಟು ಸಣ್ಣಗೆ, ಸದ್ದಿಲ್ಲದೆ ಹೊರಟುಬಿಡುತ್ತದೆ. ಊರನ್ನು ಕಟ್ಟಿಸಿದವನು ವಿಲಿಯಂ ಕೂಪರ್. ಅವನ ಮಗ ಜೇಮ್ಸ್ ಫೆನಿಮೋರ್ ಕೂಪರ್ ಅಮೆರಿಕದ ಆದಿ ಕಾದಂಬರಿಕಾರರಲ್ಲಿ ಒಬ್ಬ. ಸಾಹಿತ್ಯದ ವಿದ್ಯಾರ್ಥಿಯಾದ ನಾನು ಕಾದಂಬರಿಕಾರನ ಊರನ್ನು ಕಂಡ ಸಂತೋಷದಲ್ಲಿದ್ದೆ. ಆದರೆ ಅಂದು ಬೀದಿಯಲ್ಲಿ ತುಂಬಿದ್ದ ಜನರಲ್ಲಿ ಅವನನ್ನು ನೆನೆಯುವವರು ಯಾರೂ ಕಾಣಲಿಲ್ಲ. ಅಂಗಡಿ ಅಂಗಡಿಯಲ್ಲಿಯೂ ಚೆಂಡು, ದಾಂಡು, ಟೋಪಿ, ಹಳೆಯ ಆಟಗಾರರ ಚೀಟಿ. ಮಕ್ಕಳ ಕೈ ಹಿಡಿದ ತಂದೆತಾಯಿಗಳು, ಮೊಮ್ಮಕ್ಕಳನ್ನು ಕರೆತಂದ ಅಜ್ಜಂದಿರು, ಎಲ್ಲರೂ ಒಂದೇ ದಿಕ್ಕಿಗೆ ನಡೆಯುತ್ತಿದ್ದರು. ಅವರು ಹೊರಟಿದ್ದುದು ಬೇಸ್‌ಬಾಲ್ ಕೀರ್ತಿಭವನಕ್ಕೆ.

ಈ ಆಟವನ್ನು ಅರಿಯದವರಿಗೆ ಎರಡು ಮಾತು. ಒಬ್ಬ ಚೆಂಡೆಸೆಯುತ್ತಾನೆ, ಇನ್ನೊಬ್ಬ ದುಂಡನೆಯ ದಾಂಡಿನಿಂದ ಹೊಡೆದು, ಚೌಕಾಕಾರದಲ್ಲಿರುವ ನಾಲ್ಕು ನೆಲೆಗಳನ್ನು ಸುತ್ತಿ ಬರಲು ಓಡುತ್ತಾನೆ. ಚೆಂಡು ಬೇಲಿಯನ್ನು ದಾಟಿದರೆ ಹೋಮ್ ರನ್; ನಮ್ಮ ಕ್ರಿಕೆಟ್ಟಿನ ಸಿಕ್ಸರಿನ ದಾಯಾದಿ. ಆಟ ಹದಿನೆಂಟು ಜನರದಾದರೂ ಪ್ರತಿಯೊಂದು ಎಸೆತದಲ್ಲಿಯೂ ನಡೆಯುವುದು ಇಬ್ಬರ ದ್ವಂದ್ವ. ಆದುದರಿಂದ ಗೆದ್ದವನು ಯಾರು, ಸೋತವನು ಯಾರು ಎಂಬುದನ್ನು ಒಬ್ಬೊಬ್ಬನ ಹೆಸರಿಗೂ ಬರೆದಿಡಬಹುದು. ಹೆನ್ರಿ ಚಾಡ್ವಿಕ್ ಎಂಬ ಪತ್ರಿಕಾಕರ್ತ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿಯೇ ಈ ಲೆಕ್ಕ ಬರೆಯುವ ಕ್ರಮವನ್ನು ರೂಢಿಗೆ ತಂದ. ಅಂದಿನಿಂದ ಸತ್ತವರಿಗೂ ಬದುಕಿರುವವರಿಗೂ ನಿತ್ಯ ಪಂದ್ಯ ನಡೆಯುತ್ತಿದೆ. ಇಂದು ಹೊಡೆದ ಹೊಡೆತವನ್ನು ನೂರು ವರ್ಷದ ಹಿಂದಿನ ಹೊಡೆತದ ಪಕ್ಕದಲ್ಲಿಟ್ಟು ತೂಗಬಹುದು. ನನ್ನ ಸೋದರಳಿಯ ರೂತನನ್ನು ಕಂಡಿಲ್ಲ, ನಿಜ; ಆದರೆ ಅವನ ಲೆಕ್ಕದ ಪುಸ್ತಕದಲ್ಲಿ ರೂತ್ ಇನ್ನೂ ಆಡುತ್ತಲೇ ಇದ್ದಾನೆ.

ಕೀರ್ತಿಭವನ ಇಟ್ಟಿಗೆಯ ಕಟ್ಟಡ. 1939ರ ಜೂನ್ 12ರಂದು ಅದರ ಪ್ರಾರಂಭೋತ್ಸವವಾಯಿತು. ಇಷ್ಟು ಸಣ್ಣ ಊರಿಗೆ ಈ ಭಾಗ್ಯ ಹೇಗೆ ಬಂತೆಂದು ಕೇಳಿದರೆ ಒಂದು ಸ್ಥಳಪುರಾಣವೇ ಬಿಚ್ಚಿಕೊಳ್ಳುತ್ತದೆ. ಚಾಡ್ವಿಕ್ ಹುಟ್ಟಿನಿಂದ ಇಂಗ್ಲಿಷಿನವನು. ಈ ಆಟ ಇಂಗ್ಲೆಂಡಿನ ರೌಂಡರ್ಸ್ ಆಟದಿಂದ ಬಂದದ್ದೆಂದು ಅವನ ವಾದ. ಕ್ರೀಡಾಸಾಮಗ್ರಿಗಳ ದೊಡ್ಡ ವ್ಯಾಪಾರಿ ಸ್ಪಾಲ್ಡಿಂಗ್ ಇದನ್ನು ಒಪ್ಪಲಿಲ್ಲ. ಅಮೆರಿಕನ್ನರ ಆಟ ಅಮೆರಿಕದಲ್ಲಿಯೇ ಹುಟ್ಟಿರಬೇಡವೆ? 1905ರಲ್ಲಿ ಒಂದು ವಿಚಾರಣಾ ಸಮಿತಿ ಏರ್ಪಟ್ಟಿತು. ಒಬ್ಬ ವೃದ್ಧರು ಬರೆದ ಕಾಗದವನ್ನು ನಂಬಿ, 1839ರಲ್ಲಿ ಅಬ್ನರ್ ಡಬಲ್‌ಡೇ ಎಂಬಾತ ಕೂಪರ್ಸ್‌ಟೌನಿನಲ್ಲಿ ಈ ಆಟವನ್ನು ನಿರ್ಮಿಸಿದನೆಂದು ಸಮಿತಿ ತೀರ್ಪಿತ್ತಿತು. ಡಬಲ್‌ಡೇ ಮುಂದೆ ಅಂತರ್ಯುದ್ಧದಲ್ಲಿ ಹೆಸರಾದ ಸೇನಾನಿ. ಆದರೆ 1839ರಲ್ಲಿ ಅವನು ವೆಸ್ಟ್ ಪಾಯಿಂಟಿನ ಸೈನಿಕ ಶಾಲೆಯ ವಿದ್ಯಾರ್ಥಿ! ಆಟವನ್ನು ತಾನು ಕಂಡುಹಿಡಿದೆನೆಂದು ಅವನು ಹೇಳಿಕೊಂಡದ್ದೂ ಇಲ್ಲ. ಮುಂದೆ ಸುತ್ತಿನ ಹಳ್ಳಿಯೊಂದರ ಮನೆಯಲ್ಲಿ ಕೈಯಿಂದ ಹೊಲಿದ ಹಳೆಯ ಚೆಂಡೊಂದು ಸಿಕ್ಕಿತು. ಊರಿನ ಶ್ರೀಮಂತ ಸ್ಟೀಫನ್ ಕ್ಲಾರ್ಕ್ ಐದು ಡಾಲರ್ ಕೊಟ್ಟು ಅದನ್ನು ಕೊಂಡ. ಆರ್ಥಿಕ ಮುಗ್ಗಟ್ಟಿನ ಆ ಕಾಲದಲ್ಲಿ ಊರಿಗೆ ನಾಲ್ಕು ಜನ ಬರುವಂತಾಗಲಿ ಎಂಬ ಆಸೆಯೂ ಸೇರಿ ಭವನ ಎದ್ದಿತು. ಈಗ ಭವನದವರೇ ಆ ಕಥೆ ದಂತಕಥೆಯೆಂದು ಒಪ್ಪಿಕೊಂಡಿದ್ದಾರೆ. ಚೆಂಡು ಮಾತ್ರ ಗಾಜಿನ ಪೆಟ್ಟಿಗೆಯಲ್ಲಿದೆ. ಜನ ಅದರ ಮುಂದೆ ಈಗಲೂ ತಲೆಬಾಗಿ ನಿಲ್ಲುತ್ತಾರೆ. ಡಬಲ್‌ಡೇಗೆ ಮಾತ್ರ ಕೀರ್ತಿಫಲಕಗಳ ಸಾಲಿನಲ್ಲಿ ಜಾಗವಿಲ್ಲ.

ಫಲಕಗಳ ಶಾಲೆಗೆ ಬಂದೆವು. ಎತ್ತರವಾದ ಚಾವಣಿ, ಕಂಬಗಳ ಸಾಲು, ಗೋಡೆಗಳ ಮೇಲೆ ಸುಮಾರು 350 ಕಂಚಿನ ಫಲಕಗಳು. ಒಂದೊಂದರಲ್ಲಿಯೂ ಒಂದು ಮುಖ, ಕೆಳಗೆ ನಾಲ್ಕಾರು ಸಾಲಿನ ಪ್ರಶಸ್ತಿ. ಊರ ಮುಂದೆ ನಿಂತ ನಮ್ಮ ವೀರಗಲ್ಲುಗಳು ನನ್ನ ಕಣ್ಣ ಮುಂದೆ ಸುಳಿದವು. ಹೊರಗೆ ಗದ್ದಲ ಮಾಡುತ್ತಿದ್ದ ಮಕ್ಕಳು ಇಲ್ಲಿ ತಾವಾಗಿಯೇ ಪಿಸುಮಾತಿಗೆ ಇಳಿದಿದ್ದರು. ಹತ್ತು ವರ್ಷವಾದರೂ ಆಡಿ, ನಿವೃತ್ತನಾಗಿ ಐದು ವರ್ಷ ಕಳೆದ ಆಟಗಾರನ ಹೆಸರು ಪತ್ರಿಕಾಕರ್ತರ ಮತಕ್ಕೆ ಬರುತ್ತದೆ; ನೂರಕ್ಕೆ 75 ಮತ ಬೀಳಬೇಕು. 1936ರ ಮೊದಲನೆಯ ಚುನಾವಣೆಯಲ್ಲಿ ಗೆದ್ದವರು ಐವರು: ಟೈ ಕಾಬ್, ಬೇಬ್ ರೂತ್, ಹೋನಸ್ ವ್ಯಾಗ್ನರ್, ಕ್ರಿಸ್ಟಿ ಮ್ಯಾಥ್ಯೂಸನ್, ವಾಲ್ಟರ್ ಜಾನ್ಸನ್. 226 ಮತಗಳಲ್ಲಿ ಕಾಬನಿಗೆ 222 ಬಂದರೆ ರೂತನಿಗೆ ಬಂದದ್ದು 215. "ಆ ಹನ್ನೊಂದು ಜನ ಯಾರು, ಮಾವ?" ಎಂದು ಸೋದರಳಿಯ ಇಂದಿಗೂ ಆರದ ಕೋಪದಿಂದ ಕೇಳಿದ.

ರೂತನ ಫಲಕದ ಮುಂದೆ ಜನ ಗುಂಪುಗೂಡಿದ್ದರು. ಬಾಲ್ಟಿಮೋರಿನ ಹೆಂಡದಂಗಡಿಯವನ ಮಗ. ತುಂಟತನ ತಾಳಲಾರದೆ ತಂದೆತಾಯಿಗಳು ಏಳನೆಯ ವಯಸ್ಸಿಗೇ ಪಾದ್ರಿಗಳ ಶಾಲೆಗೆ ಸೇರಿಸಿದರು. ಅಲ್ಲಿ ಅಂಗಿ ಹೊಲಿಯುವುದನ್ನು ಕಲಿತ ಹುಡುಗ 1927ರಲ್ಲಿ ಒಂದೇ ವರ್ಷದಲ್ಲಿ 60 ಹೋಮ್ ರನ್ ಹೊಡೆದ. ಬಾಸ್ಟನ್ ತಂಡದವರು 1919ರ ಕೊನೆಯಲ್ಲಿ ಅವನನ್ನು ನ್ಯೂಯಾರ್ಕಿಗೆ ಮಾರಿದರು. 2004ರವರೆಗೆ ಬಾಸ್ಟನ್ನಿಗೆ ಮತ್ತೆ ಪ್ರಶಸ್ತಿ ದೊರೆಯದಿದ್ದುದಕ್ಕೆ ಆ ಶಾಪವೇ ಕಾರಣವೆಂದು ವಿದ್ಯಾವಂತರೂ ಹೇಳುತ್ತಿದ್ದರು. ಅವನು 1932ರಲ್ಲಿ ತೊಟ್ಟಿದ್ದ ಒಂದು ಅಂಗಿ 2024ರ ಹರಾಜಿನಲ್ಲಿ ಎರಡು ಕೋಟಿ ನಲವತ್ತು ಲಕ್ಷ ಡಾಲರಿಗೂ ಮೇಲಕ್ಕೆ ಹೋಯಿತು.

ಆದರೆ ಹಳಬರ ಮೇಲಿನ ಈ ವ್ಯಾಮೋಹಕ್ಕೆ ಇನ್ನೊಂದು ಮುಖವೂ ಉಂಟು. 1974ರ ಏಪ್ರಿಲ್ 8ರಂದು ಹೆನ್ರಿ ಆರನ್ ಎಂಬ ಆಟಗಾರ ರೂತನ 714ನ್ನು ದಾಟಿದ. ದಾಟುವುದಕ್ಕೆ ಮೊದಲಿನ ತಿಂಗಳುಗಳಲ್ಲಿ ಅವನಿಗೆ ಬಂದ ಕಾಗದಗಳಲ್ಲಿ ಎಷ್ಟೋ ಪ್ರಾಣ ತೆಗೆಯುತ್ತೇವೆಂಬ ಬೆದರಿಕೆಗಳಾಗಿದ್ದವು. ಅವನ ಅಪರಾಧ ಎರಡು: ಸತ್ತ ವೀರನ ಲೆಕ್ಕವನ್ನು ಮೀರಹೊರಟದ್ದು, ಕಪ್ಪು ಬಣ್ಣದವನಾಗಿ ಹುಟ್ಟಿದ್ದು. ಆರನನ ಫಲಕವೂ ಇಲ್ಲಿದೆ. ಅದನ್ನು ನೋಡಿದ ಮೇಲೆ ನನ್ನ ಮನಸ್ಸಿನಲ್ಲಿ ಬೇರೊಂದು ಪ್ರಶ್ನೆ ಎದ್ದಿತು. ಲೆಕ್ಕದ ಪುಸ್ತಕದಲ್ಲಿ ಹೆಸರಿರುವವನು ಸಾಯುವುದಿಲ್ಲ, ಸರಿ. ಪುಸ್ತಕದ ಬಾಗಿಲಿನೊಳಗೇ ಬಿಡದವರ ಗತಿಯೇನು?

1947ರ ಏಪ್ರಿಲ್ 15ರಂದು ಜಾಕಿ ರಾಬಿನ್‌ಸನ್ ಬ್ರೂಕ್ಲಿನ್ ತಂಡದಲ್ಲಿ ಆಡುವವರೆಗೆ, ಆರು ದಶಕಗಳಿಗೂ ಹೆಚ್ಚು ಕಾಲ ದೊಡ್ಡ ಲೀಗುಗಳಲ್ಲಿ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ಅವರು ತಮ್ಮವೇ ಆದ ನೀಗ್ರೊ ಲೀಗುಗಳನ್ನು ಕಟ್ಟಿಕೊಂಡು, ಬಸ್ಸುಗಳಲ್ಲಿ ಊರೂರು ಅಲೆದು ಆಡಿದರು. ಅವರಲ್ಲಿ ಒಬ್ಬ ಜಾಷ್ ಗಿಬ್ಸನ್. ರಾಬಿನ್‌ಸನ್ನನಿಗೆ ಬಾಗಿಲು ತೆರೆಯಲು ಮೂರು ತಿಂಗಳಿದೆ ಎನ್ನುವಾಗ, 1947ರ ಜನವರಿಯಲ್ಲಿ, 35ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡ. ಪಿಟ್ಸ್‌ಬರ್ಗಿನಲ್ಲಿರುವ ಅವನ ಸಮಾಧಿಗೆ 1975ರವರೆಗೆ ಹೆಸರು ಕೊರೆದ ಕಲ್ಲು ಕೂಡ ಇರಲಿಲ್ಲ.

ಶಾಲೆಯ ಬಾಗಿಲಲ್ಲಿ ಮರದಲ್ಲಿ ಕಡೆದ ಎರಡು ಪ್ರತಿಮೆಗಳಿವೆ. ಒಂದು ರೂತನದು, ಇನ್ನೊಂದು ಟೆಡ್ ವಿಲಿಯಮ್ಸನದು. ವಿಲಿಯಮ್ಸ್ 1941ರಲ್ಲಿ ಸಾವಿರಕ್ಕೆ 406ರ ಸರಾಸರಿಯನ್ನು ಪಡೆದವನು. ಕೊನೆಯ ದಿನ ಆಡದೆ ಕುಳಿತಿದ್ದರೂ ಅವನ ಸರಾಸರಿ 400 ಎಂದೇ ದಾಖಲಾಗುತ್ತಿತ್ತು. ಹಾಗೆ ಬಂದ ಕೀರ್ತಿ ಬೇಡವೆಂದು ಎರಡು ಪಂದ್ಯಗಳನ್ನೂ ಆಡಿ, ಎಂಟು ಸರದಿಗಳಲ್ಲಿ ಆರು ಸಲ ಹೊಡೆದ. ಆದರೆ ನನಗೆ ಅವನು ದೊಡ್ಡವನಾಗಿ ಕಂಡದ್ದು ಬೇರೆ ಕಾರಣಕ್ಕೆ. 1966ರಲ್ಲಿ ತನ್ನ ಫಲಕವನ್ನು ಸ್ವೀಕರಿಸುವ ಸಮಾರಂಭದಲ್ಲಿ, ಸ್ಯಾಚೆಲ್ ಪೇಜ್ ಮತ್ತು ಜಾಷ್ ಗಿಬ್ಸನ್ನರಂಥ ಕಪ್ಪು ಆಟಗಾರರಿಗೂ ಇಲ್ಲಿ ಸ್ಥಾನ ದೊರೆಯಲೆಂದು ಅವನು ಬಾಯಿಬಿಟ್ಟು ಹೇಳಿದ. ಯಾರೂ ಅವನನ್ನು ಕೇಳಿರಲಿಲ್ಲ. 1971ರಲ್ಲಿ ಪೇಜನಿಗೆ ಗೌರವ ಬಂದಾಗ ಪ್ರತ್ಯೇಕವಾದ ಜಾಗವೊಂದನ್ನು ಕೊಡುವ ಯೋಚನೆಯಿತ್ತು. ಜನ ಛೀ ಎಂದರು. ಅವನ ಫಲಕ ಎಲ್ಲರ ಜೊತೆಗೇ ಬಂತು. ಮರುವರ್ಷ ಗಿಬ್ಸನ್ನನದು.

ಗಿಬ್ಸನ್ನನ ಫಲಕದ ಮುಂದೆ ಎಂಬತ್ತರ ಆಸುಪಾಸಿನ ಕಪ್ಪು ವೃದ್ಧರೊಬ್ಬರು ಮೊಮ್ಮಗಳ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದರು. ಅವನು ಹೊಡೆದ ಹೋಮ್ ರನ್ನುಗಳು 800ರ ಹತ್ತಿರವೆಂದು ಫಲಕ ಹೇಳುತ್ತದೆ. ಸೋದರಳಿಯ ಅದನ್ನು ಓದಿ, "ಪುಸ್ತಕದಲ್ಲಿ ಅಷ್ಟಿಲ್ಲವಲ್ಲ!" ಎಂದು ಗಟ್ಟಿಯಾಗಿಯೇ ಇಂಗ್ಲಿಷಿನಲ್ಲಿ ಹೇಳಿಬಿಟ್ಟ. ನನಗೆ ನಾಚಿಕೆಯಾಯಿತು. ವೃದ್ಧರು ಮಾತ್ರ ನಗುತ್ತ ತಿರುಗಿದರು.

"ನಿಜ ಮಗೂ. ಎಲ್ಲ ಪಂದ್ಯಗಳಿಗೂ ಬರೆದಿಡುವವರಿರಲಿಲ್ಲ" ಎಂದರು. ಅನಂತರ ನನ್ನ ಕಡೆ ನೋಡಿ, "ನಮ್ಮ ತಂದೆ ವಾಷಿಂಗ್‌ಟನ್ನಿನಲ್ಲಿ ಇವನ ಆಟ ನೋಡಿದ್ದರು. ಇವನಂಥ ಹೊಡೆತಗಾರ ಇನ್ನೊಬ್ಬನಿಲ್ಲ ಎನ್ನುತ್ತಿದ್ದರು. ನಾನು ಶಾಲೆಯಲ್ಲಿ ಹಾಗೆಂದರೆ ಹುಡುಗರು ಪುಸ್ತಕ ತೋರಿಸಿ ಎನ್ನುತ್ತಿದ್ದರು. ಪುಸ್ತಕದಲ್ಲಿ ಹೆಸರೇ ಇರಲಿಲ್ಲ. ನಮ್ಮಪ್ಪ ಉತ್ಪ್ರೇಕ್ಷೆ ಮಾಡುತ್ತಾರೆಂದು ನಾನೇ ನಂಬಿಬಿಟ್ಟೆ, ಒಂದು ದಿನ ಅವರ ಮುಖದೆದುರಿಗೆ ಹೇಳಿಯೂ ಬಿಟ್ಟೆ" ಎಂದರು.

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಮುಂದಿನದು ಜಗತ್ತಿಗೇ ತಿಳಿದದ್ದು. ಸಂಶೋಧಕರು ವರ್ಷಗಟ್ಟಲೆ ಹಳೆಯ ಪತ್ರಿಕೆಗಳನ್ನು ಜಾಲಾಡಿ, ನೀಗ್ರೊ ಲೀಗುಗಳ ಪಂದ್ಯಗಳ ಲೆಕ್ಕವನ್ನು ಒಂದೊಂದಾಗಿ ಕೂಡಿಸಿದರು. 1920ರಿಂದ 1948ರವರೆಗಿನ ಲೆಕ್ಕದಲ್ಲಿ ಮುಕ್ಕಾಲು ಪಾಲು ಸಿಕ್ಕಿತು. 2024ರ ಮೇ ತಿಂಗಳಲ್ಲಿ ಅದೆಲ್ಲವೂ ದೊಡ್ಡ ಲೀಗುಗಳ ದಾಖಲೆಯೊಡನೆ ಒಂದಾಯಿತು. ಒಂದು ಶತಮಾನದ ಹತ್ತಿರ ಮೊದಲ ಸ್ಥಾನದಲ್ಲಿದ್ದ ಟೈ ಕಾಬನ ಸರಾಸರಿ ಸಾವಿರಕ್ಕೆ 367, ಗಿಬ್ಸನ್ನನದು 372. ಎಪ್ಪತ್ತೇಳು ವರ್ಷದ ಹಿಂದೆ ಸತ್ತವನು ಒಂದೇ ದಿನದಲ್ಲಿ ಮೊದಲ ಸ್ಥಾನಕ್ಕೆ ಬಂದ.

"ಅಂದು ಪತ್ರಿಕೆ ತೆಗೆದುಕೊಂಡು ಅಪ್ಪನ ಸಮಾಧಿಗೆ ಹೋದೆ" ಎಂದರು ವೃದ್ಧರು. "ಓದಿ ಹೇಳಿದೆ. ಕ್ಷಮಿಸು ಎಂದೆ. ಈಗ ಇವಳಿಗೆ ತೋರಿಸೋಣವೆಂದು ಬಂದೆ." ಹುಡುಗಿ ಅಜ್ಜನ ಕೈ ಬಿಡದೆ ಫಲಕವನ್ನೇ ನೋಡುತ್ತಿದ್ದಳು.

ನಾನು ಹುಡುಕಿಕೊಂಡು ಬಂದ ಉತ್ತರ ಅಲ್ಲಿ ಸಿಕ್ಕಿತೆಂದು ತೋರುತ್ತದೆ. ಈ ಜನ ಪ್ರೀತಿಸುವುದು ಕಂಚಿನ ಮುಖಗಳನ್ನಲ್ಲ. ಆ ಮುಖಗಳ ಕಥೆಯನ್ನು ತಮಗೆ ಹೇಳಿದವರನ್ನು. ರೂತನ ಹೆಸರೆತ್ತಿದರೆ ಒಬ್ಬನಿಗೆ ಅಜ್ಜನ ದನಿ ಕೇಳಿಸುತ್ತದೆ, ಇನ್ನೊಬ್ಬನಿಗೆ ತಂದೆಯ ತೋಳಿನ ಬಿಸುಪು ನೆನಪಾಗುತ್ತದೆ. ಆದುದರಿಂದಲೇ ಲೆಕ್ಕ ಸರಿಯಾಗಿರಬೇಕು. ಒಬ್ಬ ಆಟಗಾರನನ್ನು ಪುಸ್ತಕದಿಂದ ಬಿಟ್ಟರೆ, ಅವನನ್ನು ಕಂಡು ಬಂದು ಮನೆಯಲ್ಲಿ ಹೇಳಿದ ತಂದೆ ಮಗನ ಕಣ್ಣಿನಲ್ಲಿ ಸುಳ್ಳುಗಾರನಾಗುತ್ತಾನೆ. ಡಬಲ್‌ಡೇಯ ಕಟ್ಟುಕಥೆಯ ಮೇಲೆ ಎದ್ದ ಈ ಭವನ ಇಂಥದೊಂದು ಸತ್ಯಕ್ಕೆ ಜಾಗ ಕೊಟ್ಟಿತಲ್ಲ, ಆ ಕಟ್ಟುಕಥೆಯನ್ನು ಕ್ಷಮಿಸಬಹುದು ಎನ್ನಿಸಿತು.

ಸಂಜೆ ಸರೋವರದ ದಡದಲ್ಲಿ ಸ್ವಲ್ಪ ಹೊತ್ತು ಕುಳಿತೆವು. ನೀರಿನ ಮೇಲೆ ಬಿಸಿಲು ಇಳಿಯುತ್ತಿತ್ತು. ಸೋದರಳಿಯ ಬೆಳಗಿನ ಉತ್ಸಾಹವನ್ನೆಲ್ಲ ಮರೆತು ಸುಮ್ಮನಿದ್ದ. ಮನೆಗೆ ಬಂದೊಡನೆ ತನ್ನ ಟಿಪ್ಪಣಿ ಪುಸ್ತಕವನ್ನು ತೆಗೆದು, ಗಿಬ್ಸನ್ನನ ಹೆಸರಿನ ಮುಂದೆ ಏನನ್ನೋ ಬರೆದ. ಇಣಿಕಿ ನೋಡಿದೆ. 372 ಎಂಬ ಅಂಕಿ ಮೊದಲೇ ಇತ್ತು. ಅದರ ಕೆಳಗೆ ಹೊಸದಾಗಿ, 'ನೋಡಿದವರಿದ್ದಾರೆ' ಎಂದು ಬರೆದುಕೊಂಡಿದ್ದ.