ಡ್ರಮ್ಮೋ, ಡಿಸ್ಕೋ? ದಾದಾ ಅವರ ಯೆಜ್ಡಿಯ ಲೆಕ್ಕ

ನಮ್ಮ ಮನೆಯಲ್ಲಿ ಒಂದು ಹಳೆಯ ಯೆಜ್ಡಿ ರೋಡ್‌ಕಿಂಗ್ ಇದೆ. ಕೊಂಡವರು ದಾದಾ, ಈಗ ಓಡಿಸುವವರು ಭಾಯಿಜಾನ್, ಹಿಂದೆ ಕೂರುವವನು ನಾನು. ಗೇರ್ ಗಾಡಿಯ ಲೈಸೆನ್ಸಿಗೆ 18 ತುಂಬಬೇಕು, ನನಗಿನ್ನೂ 17. ಈ ಮಳೆಗಾಲದಲ್ಲಿ ಭಾಯಿಜಾನ್ ಅಮ್ಮಿಯನ್ನು ಕೂರಿಸಿಕೊಂಡು ಸುರಪುರದ ನಾನಿ ಮನೆಯಿಂದ ಶಹಾಪುರಕ್ಕೆ ಬರುವಾಗ, ಊರಿನ ಇಳಿಜಾರಿನಲ್ಲಿ ಹಿಂದಿನ ಬ್ರೇಕ್ ಹಿಡಿಯಲೇ ಇಲ್ಲ. ಯಾರಿಗೂ ಏನೂ ಆಗಲಿಲ್ಲ. ಆದರೆ ಅಮ್ಮಿ ಆಮೇಲೆ ನಾನಿ ಮನೆಗೆ ಬಸ್ಸಿನಲ್ಲೇ ಹೋಗತೊಡಗಿದರು.

ಅಂದಿನಿಂದ ಮನೆಯಲ್ಲಿ ಎರಡು ಪಕ್ಷ. ಹಿಂದಿನ ಡ್ರಮ್ ತೆಗೆದು ಡಿಸ್ಕ್ ಹಾಕಿಸೋಣ ಎಂದು ಭಾಯಿಜಾನ್. ಗಾಡಿ ಕಾರ್ಖಾನೆಯಿಂದ ಹೇಗೆ ಬಂತೋ ಹಾಗೇ ಇರಲಿ ಎಂದು ದಾದಾ. "ಕಾಮರ್ಸ್ ಓದುತ್ತೀಯಲ್ಲ, ನೀನೇ ಲೆಕ್ಕ ಹಾಕಿ ಹೇಳು" ಎಂದು ಅಬ್ಬಾ ನನಗೆ ಒಪ್ಪಿಸಿದರು.

ದಾದಾ ಅವರ ಅಭಿಮಾನಕ್ಕೆ ಕಾರಣವಿದೆ. ಜಾವಾ ಎಂಬುದು ಚೆಕೊಸ್ಲೊವಾಕಿಯಾದ ಹೆಸರು, ಆದರೆ ಯೆಜ್ಡಿ ನಮ್ಮ ಮೈಸೂರಿನದು. ಐಡಿಯಲ್ ಜಾವಾ ಕಾರ್ಖಾನೆ ಅಲ್ಲಿ 1961ರಲ್ಲಿ ಆರಂಭವಾಯಿತು. ರೋಡ್‌ಕಿಂಗ್ ಬಂದದ್ದು 1978ರಲ್ಲಿ: 250 ಸಿಸಿ, ಟು ಸ್ಟ್ರೋಕ್, ಎರಡು ಸೈಲೆನ್ಸರ್. ಕಿಕ್ ಹೊಡೆಯುವ ಕಡ್ಡಿಯೇ ಗೇರ್ ಕಡ್ಡಿ. 1996ರಲ್ಲಿ ಕಾರ್ಖಾನೆ ಮುಚ್ಚಿತು. 2022ರಲ್ಲಿ ಬೇರೆ ಕಂಪನಿ ಅದೇ ಹೆಸರಿನಲ್ಲಿ ತಂದ ಹೊಸ ಗಾಡಿಗಳಿಗೆ ಎರಡೂ ಚಕ್ರಕ್ಕೆ ಡಿಸ್ಕ್ ಇದೆ, ಎಬಿಎಸ್ ಇದೆ. ಭಾಯಿಜಾನ್ ಕಣ್ಣು ಬಿದ್ದದ್ದು ಅದರ ಮೇಲೆ.

ನಾನು ಮೊದಲು ಮಿಸ್ತ್ರಿ ಹತ್ತಿರ ಹೋದೆ. ಅವರು ಚಕ್ರ ಬಿಚ್ಚಿ ತೋರಿಸಿದರು. ಡ್ರಮ್ಮಿನೊಳಗೆ ಅರ್ಧಚಂದ್ರದಂಥ ಎರಡು ಶೂ ಇರುತ್ತವೆ. ಪೆಡಲ್ ಒತ್ತಿದರೆ ಒಂದು ಕ್ಯಾಮ್ ತಿರುಗಿ ಅವನ್ನು ಅಗಲಿಸುತ್ತದೆ, ಶೂಗಳು ಡ್ರಮ್ಮಿನ ಒಳಗೋಡೆಗೆ ಉಜ್ಜಿ ಚಕ್ರ ನಿಲ್ಲಿಸುತ್ತವೆ. ಎಲ್ಲವೂ ಮುಚ್ಚಿದ ಡಬ್ಬಿಯೊಳಗೆ ನಡೆಯುವುದರಿಂದ ಬಿಸಿ ಬೇಗ ಹೊರಗೆ ಹೋಗದು, ಒಳಗೆ ಹೊಕ್ಕ ನೀರೂ ಬೇಗ ಆರದು. ಭತ್ತದ ಗದ್ದೆಗಳಿಂದ ಟ್ರ್ಯಾಕ್ಟರುಗಳು ರಸ್ತೆಗೆ ತರುವ ಕರಿಮಣ್ಣಿನ ಕೆಸರು ನಮ್ಮ ಕಡೆಯವರಿಗೆಲ್ಲ ಗೊತ್ತು. ಅದೂ ಒಳಗೆ ಸೇರಿತ್ತು. ಡಿಸ್ಕ್ ಆದರೆ ಹೊರಗೇ ಇರುತ್ತದೆ, ಗಾಳಿಗೆ ತಣಿಯುತ್ತದೆ, ನೀರು ಬೇಗ ಸಿಡಿದು ಹೋಗುತ್ತದೆ. ಇಲ್ಲಿಯವರೆಗೆ ಭಾಯಿಜಾನ್ ಮಾತೇ ಸರಿ.

ಆದರೆ ಡಿಸ್ಕ್ ಹಾಕುವುದೆಂದರೆ ಒಂದು ತಟ್ಟೆ ಬಿಗಿದಂತಲ್ಲ. ಡಿಸ್ಕ್ ಕೂರುವ ಬೇರೆ ಹಬ್ ಬೇಕು. ಅದು ಯೆಜ್ಡಿಯ ಆ್ಯಕ್ಸಲ್‌ಗೆ ಹೊಂದಬೇಕು, ಚೈನಿನ ಸಾಲು ವಾರೆಯಾಗಬಾರದು. ಪೆಡಲ್ ಹತ್ತಿರ ಮಾಸ್ಟರ್ ಸಿಲಿಂಡರ್, ಆಯಿಲ್ ಡಬ್ಬಿ, ಪೈಪು ಬೇಕು, ಅದರೊಳಗೆ ಗಾಳಿಯ ಗುಳ್ಳೆ ಉಳಿಯಬಾರದು. ಎಲ್ಲಕ್ಕಿಂತ ಮುಖ್ಯ ಕ್ಯಾಲಿಪರ್ ಹಿಡಿಯುವ ಪಟ್ಟಿ. ಬ್ರೇಕ್ ಒತ್ತಿದಾಗ ಕ್ಯಾಲಿಪರ್ ಕೂಡ ಚಕ್ರದ ಜೊತೆ ತಿರುಗಲು ನೋಡುತ್ತದೆ. ಆ ಒತ್ತಡವನ್ನೆಲ್ಲ ತಡೆಯುವುದು ಈ ಪಟ್ಟಿಯೇ. "ಆ ವೆಲ್ಡಿಂಗ್ ಬಿಟ್ಟರೆ ಚಕ್ರ ಅಲ್ಲೇ ಸಿಕ್ಕಿಕೊಳ್ಳುತ್ತದೆ" ಎಂದರು ಮಿಸ್ತ್ರಿ.

ಇನ್ನೊಂದು ವಿಷಯವೂ ತಿಳಿಯಿತು. ಬ್ರೇಕ್ ಹಾಕಿದಾಗ ನಾವೆಲ್ಲ ಮುಂದಕ್ಕೆ ವಾಲುತ್ತೇವೆ. ಗಾಡಿಯ ಭಾರವೂ ಹಾಗೆಯೇ ಮುಂದಿನ ಚಕ್ರಕ್ಕೆ ಹೋಗುತ್ತದೆ, ಹಿಂದಿನದು ಹಗುರಾಗುತ್ತದೆ. ಹಗುರಾದ ಚಕ್ರಕ್ಕೆ ಎಷ್ಟು ಜೋರಾದ ಬ್ರೇಕ್ ಕೊಟ್ಟರೂ ಅದು ಜಾರುತ್ತದೆಯೇ ಹೊರತು ಗಾಡಿ ಬೇಗ ನಿಲ್ಲುವುದಿಲ್ಲ. 1999ರಲ್ಲಿ ಬಂದ ಹೀರೋ ಹೋಂಡಾ ಸಿಬಿಜೆಡ್‌ಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇತ್ತು. ಇಂದಿಗೂ ಎಷ್ಟೋ ಗಾಡಿಗಳು ಹಾಗೇ ಬರುತ್ತವೆ. ಹಾಗೆಂದು ಹಿಂದಿನ ಬ್ರೇಕ್ ಬೇಡವೆಂದಲ್ಲ. ಹಿಂದೆ ಒಬ್ಬರು ಕೂತಾಗ ಆ ಚಕ್ರದ ಮೇಲೆ ಭಾರ ಹೆಚ್ಚು, ಅದರ ಕೆಲಸವೂ ಹೆಚ್ಚು. ಅಮ್ಮಿ ಕೂತಿದ್ದದ್ದು ಅಲ್ಲೇ.

ಇನ್ನು ನನ್ನ ಪಾಠದ ಲೆಕ್ಕ. ಇರುವ ಆಸ್ತಿಯನ್ನು ಕೆಲಸ ಮಾಡುವ ಸ್ಥಿತಿಯಲ್ಲಿ ಇಡಲು ಮಾಡುವುದು ರೆವಿನ್ಯೂ ಖರ್ಚು. ಅದರ ಶಕ್ತಿಯನ್ನು ಹೆಚ್ಚಿಸಿ ವರ್ಷಗಟ್ಟಲೆ ಲಾಭ ಕೊಡುವುದು ಕ್ಯಾಪಿಟಲ್ ಖರ್ಚು. ಶೂ ಬದಲಿಸುವುದು ಮೊದಲನೆಯದು, ಡಿಸ್ಕ್ ಹಾಕಿಸುವುದು ಎರಡನೆಯದು. ಆದರೆ ನಮ್ಮಲ್ಲಿ ಮೊದಲನೆಯದನ್ನೇ ಯಾರೂ ಮಾಡಿರಲಿಲ್ಲ. ಲೈನರ್ ಸವೆದು ತೆಳ್ಳಗಾಗಿತ್ತು, ಡ್ರಮ್ಮಿನ ಒಳಗೋಡೆ ಗೀರು ಬಿದ್ದಿತ್ತು. ಕೆಟ್ಟ ಡ್ರಮ್ಮನ್ನು ಒಳ್ಳೆಯ ಡಿಸ್ಕಿನ ಜೊತೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಒಳ್ಳೆಯ ಡ್ರಮ್ಮಿನ ಜೊತೆ ಹೋಲಿಸಬೇಕು.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ, ಆರ್‌ಸಿಯ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 15 ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು, ಆಗ ತಪಾಸಣೆಯೂ ಇರುತ್ತದೆ. ಆದ್ದರಿಂದ ಇಂಥ ಕೆಲಸಕ್ಕೆ ಕೈ ಹಾಕುವ ಮೊದಲು ಆರ್‌ಟಿಓ ಕಚೇರಿಯಲ್ಲೂ ವಿಮೆಯವರಲ್ಲೂ ಕೇಳಿಕೊಳ್ಳುವುದು ಒಳ್ಳೆಯದು.

ನಾನು ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಊಟದ ಹೊತ್ತಿನಲ್ಲಿ ಓದಿದೆ. ಡ್ರಮ್ಮನ್ನು ಲೇತ್‌ಗೆ ಹಾಕಿಸಿ, ಹೊಸ ಶೂ ಕೂರಿಸಿ, ಕ್ಯಾಮ್‌ಗೆ ಗ್ರೀಸ್ ಹಚ್ಚಿ, ಮುಂದಿನ ಬ್ರೇಕನ್ನೂ ಸರಿ ಮಾಡಿಸುವುದೆಂದು ತೀರ್ಮಾನವಾಯಿತು. ಡಿಸ್ಕಿಗೆ ಹೇಳಿದ್ದ ಮೊತ್ತದ ಕಾಲುಭಾಗವೂ ಆಗಲಿಲ್ಲ. "ಮುಂದೆ ಹಾಕಿಸುವುದಿದ್ದರೆ ಮುಂದಿನ ಚಕ್ರಕ್ಕೆ ಹಾಕಿಸೋಣ" ಎಂದು ಭಾಯಿಜಾನ್ ಇನ್ನೂ ಹೇಳುತ್ತಾರೆ. ದಾದಾ ಸುಮ್ಮನೆ ನಗುತ್ತಾರೆ.

ಗೆಳೆಯರೇ, ನಮ್ಮಲ್ಲಿ ಅನೇಕರು ಅಣ್ಣನ, ಅಬ್ಬಾನ ಗಾಡಿಯ ಹಿಂದೆ ಕೂತು ಕಾಲೇಜಿಗೆ ಬರುತ್ತೇವೆ. ನಾವು ಓಡಿಸದಿದ್ದರೂ ನೋಡಬಹುದು. ಪೆಡಲ್ ತುಂಬಾ ಕೆಳಗೆ ಹೋಗುತ್ತಿದೆಯೇ? ಬಿಗಿ ಮಾಡುವ ನಟ್ಟು ಕೊನೆ ಮುಟ್ಟಿದೆಯೇ? ಕಿರ್ ಎಂಬ ಸದ್ದಿದೆಯೇ? ಇದ್ದರೆ ಮನೆಯಲ್ಲಿ ಹೇಳಿ. ಡ್ರಮ್ ಬಿಚ್ಚಿದಾಗ ಒಳಗಿನ ಪುಡಿಯನ್ನು ಮಾತ್ರ ಬಾಯಿಂದ ಊದಬೇಡಿ. ಹಳೆಯ ಲೈನರ್‌ಗಳಲ್ಲಿ ಆ್ಯಸ್ಬೆಸ್ಟಸ್ ಇರಬಹುದು, ಅದು ಶ್ವಾಸಕೋಶಕ್ಕೆ ಕೆಟ್ಟದು. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.