ದೋಸೆಗೆ ಚಟ್ನಿ ತಾಗಬಾರದು

ಸಿನಿಮಾ, ಮಳೆ, ಮಂಡಕ್ಕಿ-ಮಿರ್ಚಿ ಅಂತ ಬರೆದುಕೊಂಡು ಹಾಯಾಗಿದ್ದವನು ನಾನು. ಇವತ್ತು ಸ್ವಲ್ಪ ಗಂಭೀರ ವಿಷಯ. ನಿಮ್ಮ ಮನೆಯಲ್ಲೋ, ಪಕ್ಕದ ಮನೆಯಲ್ಲೋ ಯಾರಿಗಾದರೂ ಉಪಯೋಗಕ್ಕೆ ಬಂದೀತು ಅಂತ ಬರೀತಿದ್ದೀನಿ.

ನನ್ನ ಅಕ್ಕನ ಮಗನಿಗೆ ಒಂಬತ್ತು ವರ್ಷ. ಅವರಿರುವುದು ಹರಿಹರದಲ್ಲಿ, ನಾನು ದಾವಣಗೆರೆಯಲ್ಲಿ. ಹುಡುಗನಿಗೆ ಬೆಣ್ಣೆ ದೋಸೆ ಅಂದ್ರೆ ಪ್ರಾಣ, ಆದ್ರೆ ಅದಕ್ಕೆ ಚಟ್ನಿ ತಾಗಿತೋ, ಆ ದೋಸೆಯ ಕಥೆ ಮುಗಿಯಿತು. ಅಂಗಿಯ ಕಾಲರಿನೊಳಗಿನ ಲೇಬಲ್ ಚುಚ್ಚುತ್ತೆ ಅಂತ ಗಂಟೆಗಟ್ಟಲೆ ಅಳ್ತಾನೆ. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರ್ತಾನೆ. ಕ್ಲಾಸಿನಲ್ಲಿ ಹತ್ತು ನಿಮಿಷ ಕೂರೋದಿಲ್ಲ. ಅದೇ ನಮ್ಮಪ್ಪನ ಹಳೇ ರೇಡಿಯೋ ಬಿಚ್ಚಿ ಜೋಡಿಸೋಕೆ ಕೂತರೆ ಮೂರು ಗಂಟೆ ಮಿಸುಕಾಡಲ್ಲ!

ಇದಕ್ಕೆಲ್ಲ ನೆಂಟರ ಹತ್ತಿರ ರೆಡಿಮೇಡ್ ಉತ್ತರ ಇತ್ತು. "ಮುದ್ದು ಜಾಸ್ತಿ ಆಗೈತೆ, ಎರಡು ಬಿಗಿದ್ರೆ ಸರಿ ಹೋಗ್ತಾನೆ", "ಮೊಬೈಲ್ ಕೊಟ್ಟು ಕೆಡಿಸಿದೀಯ", "ಹರಕೆ ಹೊತ್ಕೋ"... ಯಾರು ಏನೇ ಹೇಳಲಿ, ಕೊನೆಗೆ ತಪ್ಪೆಲ್ಲ ಅಕ್ಕನದೇ.

ತಾಯಿಯನ್ನು ದೂರುವುದು ಬರೀ ನಮ್ಮ ಕಡೆಯ ಚಾಳಿಯೇನಲ್ಲ. 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳನ್ನು ನೋಡಿ ಆಟಿಸಂ ಬಗ್ಗೆ ಬರೆದರು. ಆಮೇಲೆ ಬಹಳ ವರ್ಷ ದೊಡ್ಡ ದೊಡ್ಡ ತಜ್ಞರೇ 'ತಾಯಿಗೆ ಮಗುವಿನ ಮೇಲೆ ಪ್ರೀತಿ ಸಾಲದು, ಅದಕ್ಕೇ ಹೀಗೆ' ಅಂತ ನಂಬಿದ್ದರು. 1964ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞ ಪುಸ್ತಕ ಬರೆದು ಅದನ್ನು ಅಲ್ಲಗಳೆದರು. ಅವರ ಮಗನಿಗೂ ಆಟಿಸಂ ಇತ್ತು. ಮೆದುಳು ಬೆಳೆಯುವ ರೀತಿಯೇ ಬೇರೆ, ಸಾಕಿದ ರೀತಿಯಿಂದ ಬರುವುದಲ್ಲ ಅನ್ನೋದು ಈಗ ಎಲ್ಲ ವೈದ್ಯರೂ ಒಪ್ಪುವ ಮಾತು. ಆಟಿಸಂ, ಎಡಿಎಚ್‌ಡಿ, ಡಿಸ್ಲೆಕ್ಸಿಯಾ ಇರುವವರನ್ನೆಲ್ಲ ಸೇರಿಸಿ ಈಗ 'ನ್ಯೂರೋಡೈವರ್ಜೆಂಟ್' ಅಂತಾರೆ.

ಮೊದಲು ತೋರಿಸಿದ ವೈದ್ಯರು ಐದೇ ನಿಮಿಷದಲ್ಲಿ ಮಾತ್ರೆ ಬರೆದರು, ಹುಡುಗನನ್ನು ಒಂದು ಮಾತೂ ಆಡಿಸಲಿಲ್ಲ. ಇವನಿಗೆ ಏನಾಗಿದೆ ಅಂತ ಅಕ್ಕ ಕೇಳಿದ್ದಕ್ಕೆ "ಹೇಳಿದ್ರೆ ನಿಮಗೆ ಅರ್ಥ ಆಗಲ್ಲಮ್ಮ" ಅಂದರಂತೆ. ಹರಿಹರದವರೆಗೂ ಬಸ್ಸಿನಲ್ಲಿ ಅಳ್ತಾ ಹೋದಳು.

ಆಮೇಲೆ ಎಲ್ಲರೂ ಹೇಳಿದ್ದು ಒಂದೇ, ನಿಮ್ಹಾನ್ಸ್‌ಗೆ ಕರ್ಕೊಂಡು ಹೋಗಿ. ನಿಮ್ಹಾನ್ಸ್ ದೊಡ್ಡದೇ, ಮಾತಿಲ್ಲ. ಆದ್ರೆ ಇಂಥ ಮಗುವಿಗೆ ಬೇಕಾಗಿರೋದು ವಾರ ವಾರ, ವರ್ಷಗಟ್ಟಲೆ ಸಿಗುವ ನೆರವು. ಅದಕ್ಕೆ ಪ್ರತಿಸಲ ಬೆಂಗಳೂರಿಗೆ ಓಡಾಡೋಕಾಗುತ್ತಾ?

ಎರಡನೇ ಸಲ ನಮಗೆ ಸಿಕ್ಕಿದ್ದು ದಾವಣಗೆರೆಯಲ್ಲೇ ಇರುವ ಒಬ್ಬ ಮನಶ್ಶಾಸ್ತ್ರಜ್ಞೆ. ಫ್ಯಾನಿನ ಸದ್ದಿಗೆ ಹುಡುಗ ಒದ್ದಾಡೋದು ನೋಡಿ ಮೊದಲು ಫ್ಯಾನ್ ಆಫ್ ಮಾಡಿದರು. ಅವನ ಪಕ್ಕ ನೆಲದ ಮೇಲೆ ಕೂತು ರೇಡಿಯೋ ವಿಷಯ ಕೇಳಿದರು. ಅಕ್ಕನಿಗೆ ಕೇಳಿದ ಮೊದಲ ಪ್ರಶ್ನೆ, "ಇವನಿಗೆ ಯಾವಾಗ ಖುಷಿಯಾಗುತ್ತೆ?" ಅದುವರೆಗೂ ಯಾರೂ ಅವಳಿಗೆ ಈ ಪ್ರಶ್ನೆ ಕೇಳಿರಲಿಲ್ಲ. ಮೂರು ಭೇಟಿ ಆದ ಮೇಲೆ ಆಟಿಸಂ ಜೊತೆಗೆ ಎಡಿಎಚ್‌ಡಿಯೂ ಇದೆ ಅಂದರು. 2013ರವರೆಗೆ ಅಮೆರಿಕದ ಮನೋವೈದ್ಯರ ಕೈಪಿಡಿಯ ಪ್ರಕಾರ ಎರಡನ್ನೂ ಒಬ್ಬರಿಗೇ ಹೇಳುವ ಹಾಗಿರಲಿಲ್ಲವಂತೆ. ಒಂದೇ ಮೂರ್ತಿಯಲ್ಲಿ ಹರಿಯನ್ನೂ ಹರನನ್ನೂ ಕಂಡ ನಮ್ಮ ಹರಿಹರದವರನ್ನು ಕೇಳಿದ್ದರೆ ಮೊದಲೇ ಹೇಳುತ್ತಿದ್ದರು :)

ಆಟಿಸಂ ಅನ್ನು 'ವಾಸಿ' ಮಾಡುವ ಮಾತ್ರೆ ಇಲ್ಲ ಅಂತಲೂ ಅವರು ನೇರವಾಗಿ ಹೇಳಿದರು. ನಿದ್ದೆ, ಆತಂಕ, ಚಂಚಲತೆಗೆ ಔಷಧಿ ನೆರವಾಗಬಹುದು, ಅದನ್ನು ಮನೋವೈದ್ಯರು ನೋಡಿ ಕೊಡಬೇಕು, ಉಳಿದಂತೆ ತರಬೇತಿ ಮತ್ತು ನಮ್ಮ ಹೊಂದಾಣಿಕೆ.

ಈಗ ನಾವು ತಿಳಿದುಕೊಂಡ ಕೆಲವು ವಿಷಯ. ಅಂಗವಿಕಲರಿಗಾಗಿ ಕೇಂದ್ರ ಸರ್ಕಾರ ನಡೆಸುವ ಸಿಆರ್‌ಸಿ 2017ರಿಂದ ದಾವಣಗೆರೆಯಲ್ಲೇ ಇದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ 'ಮನೋಚೈತನ್ಯ' ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2014ರಲ್ಲಿ ಶುರು ಮಾಡಿತು. ಯಾವ ಮಂಗಳವಾರ ಅಂತ ನಿಮ್ಮ ಆಸ್ಪತ್ರೆಯಲ್ಲಿ ಕೇಳಿಕೊಂಡು ಹೋಗಿ. 2022ರಲ್ಲಿ ಶುರುವಾದ ಟೆಲಿ-ಮಾನಸ್ ನಂಬರ್ 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅಕ್ಕನಂಥ ತಾಯಂದಿರಿಗೂ ಒಮ್ಮೊಮ್ಮೆ ಅದು ಬೇಕಾಗುತ್ತೆ.

ಸ್ಕೂಲಿನವರು 'ಟಿಸಿ ತಗೊಂಡು ಹೋಗಿ' ಅನ್ನೋ ಮಟ್ಟಕ್ಕೆ ಬಂದಿದ್ದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಭಾಗಗಳಲ್ಲಿ ಆಟಿಸಂ ಇದೆ, ಕಲಿಕಾ ನ್ಯೂನತೆಯೂ ಇದೆ (ಎಡಿಎಚ್‌ಡಿ ಹೆಸರು ಮಾತ್ರ ಇಲ್ಲ). ಅಕ್ಕ ಮನಶ್ಶಾಸ್ತ್ರಜ್ಞೆಯ ಪತ್ರ ಹಿಡಿದು ಹೋಗಿ ಮಾತಾಡಿದಳು. ಈಗ ಅವನು ಮುಂದಿನ ಬೆಂಚಿನಲ್ಲಿ ಕೂರ್ತಾನೆ, ನಡುನಡುವೆ ಎದ್ದು ಹೋಗಿ ಚಾಕ್‌ಪೀಸ್ ತರುವ ಕೆಲಸ ಅವನದೇ. ಟಿಸಿ ಮಾತು ಸದ್ಯಕ್ಕೆ ನಿಂತಿದೆ.

ಇನ್ನೂ ಇತ್ಯರ್ಥ ಆಗದೇ ಇರೋದು ಒಂದಿದೆ. ಅಂಗವೈಕಲ್ಯದ ಸರ್ಟಿಫಿಕೇಟ್ ಮಾಡಿಸಿದರೆ ಮುಂದೆ ಓದಿಗೆ, ಪರೀಕ್ಷೆಗೆ ಅನುಕೂಲ ಅಂತ ಅಕ್ಕ. "ಹಣೆ ಮೇಲೆ ಮುದ್ರೆ ಒತ್ತಿದಂಗೆ ಆಗ್ತೈತೆ, ನಾಳೆ ತಂಗಿ ಮದುವೆ ಟೈಮಿಗೆ ಯಾರಾದ್ರೂ ಕೇಳಿದ್ರೆ?" ಅಂತ ಭಾವ. ಅವರನ್ನು ಕೆಟ್ಟವರು ಅಂತ ಹೇಳೋಕೆ ನನಗೆ ಮನಸ್ಸಿಲ್ಲ. ಊರು ಹೇಗೆ ಮಾತಾಡುತ್ತೆ ಅಂತ ಅವರಿಗೆ ಗೊತ್ತು. ಆದ್ರೆ ಸರ್ಟಿಫಿಕೇಟ್ ಇಲ್ಲದೆಯೇ ಊರಿನವರು 'ಹುಚ್ಚ', 'ಪೋಲಿ' ಅಂತ ಎರಡು ಮುದ್ರೆ ಆಗಲೇ ಒತ್ತಿಬಿಟ್ಟಿದ್ದಾರಲ್ಲ, ಅವುಗಳಿಂದ ಇವನಿಗೆ ಮೂರು ಕಾಸಿನ ಅನುಕೂಲವೂ ಇಲ್ಲ!

ಒಳ್ಳೆಯ ವೈದ್ಯರನ್ನು ಗುರುತಿಸೋದು ಹೇಗೆ ಅಂತ ಯಾರಾದರೂ ಕೇಳಿದರೆ ನಾನು ಹೇಳೋದು ಇಷ್ಟು. ಮಗುವಿನ ಜೊತೆ ಮಾತಾಡ್ತಾರಾ? ನೀವು ಕೇಳಿದ್ದನ್ನು ನಿಮ್ಮ ಭಾಷೆಯಲ್ಲಿ ಬಿಡಿಸಿ ಹೇಳ್ತಾರಾ? ತಾಯಿಯನ್ನು ದೂರದೇ ಇರ್ತಾರಾ? ಮೂರಕ್ಕೂ 'ಹೌದು' ಅಂತಾದರೆ ಅಲ್ಲೇ ಮುಂದುವರಿಸಿ. ಇಲ್ಲದಿದ್ದರೆ ಬೇರೆಯವರನ್ನು ನೋಡಿ, ಸಂಕೋಚ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯ ಚಿಕಿತ್ಸೆಯ ಬಗ್ಗೆ ಮಾಹಿತಿ ಪಡೆಯೋದನ್ನು ಹಕ್ಕು ಅಂತಲೇ ಬರೆದಿದ್ದಾರೆ.

ನಿಮ್ಮ ಮನೆಯಲ್ಲೂ ಇಂಥ ಪುಟ್ಟ ಮೆಕ್ಯಾನಿಕ್ ಇದ್ದರೆ, ಸರ್ಟಿಫಿಕೇಟ್ ವಿಷಯದಲ್ಲಿ ನೀವೇನು ಮಾಡಿದಿರಿ? ಬರೆದು ತಿಳಿಸಿ, ಭಾವನಿಗೆ ಓದಿ ಹೇಳಬೇಕು.